‘ಮದ್ದು ಬಿಟ್ಟಿದ್ದೇನೆ’: ಮರುಕಳಿಸುವ ಉರಿಯೂತದಿಂದ ಗ್ಲಾಕೋಮಾ ಬಂದ ಒಂದು ಕಣ್ಣಿನ ಪ್ರಕರಣ

ನಮ್ಮ ಕಾಸರಗೋಡು ಕಡೆಯ ಕನ್ನಡದಲ್ಲಿ ‘ಮದ್ದು ಬಿಡುವುದು’ ಎಂಬ ಮಾತಿಗೆ ಮೂರು ಅರ್ಥಗಳಿವೆ. ಮಳೆಗಾಲದಲ್ಲಿ ಅಡಿಕೆ ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವುದು ಮದ್ದು ಬಿಡುವುದು. ಕಣ್ಣಿಗೆ ಹನಿ ಹಾಕುವುದೂ ಮದ್ದು ಬಿಡುವುದು. ಇನ್ನು ಸಾಕೆಂದು ಔಷಧಿ ನಿಲ್ಲಿಸಿದರೆ ಅದೂ ಮದ್ದು ಬಿಟ್ಟಂತೆಯೇ. ಈ ಪ್ರಕರಣದಲ್ಲಿ ಮೂರೂ ಬರುತ್ತವೆ. ಕೊನೆಯದನ್ನು ನಾನು ನಡುವಿನದೆಂದು ಕೇಳಿಸಿಕೊಂಡದ್ದರಿಂದ ಒಂದು ಕಣ್ಣು ಬಹಳ ಅನುಭವಿಸಿತು.

ನಾನು ಈ ಜಿಲ್ಲೆಯಲ್ಲಿ ಸಣ್ಣದೊಂದು ಕಣ್ಣಿನ ಚಿಕಿತ್ಸಾಲಯ ನಡೆಸುವವನು. ಶಸ್ತ್ರಚಿಕಿತ್ಸೆ ಮಾಡಿದವರು ಬೇರೆಯವರು; ಮೊದಲೂ ಆಮೇಲೂ ರೋಗಿಯನ್ನು ನೋಡಿಕೊಂಡವನು ನಾನು. ಗುರುತು ಸಿಗಬಾರದೆಂದು ಊರು, ವಯಸ್ಸು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ಗಡಿಗೆ ಹತ್ತಿರದ ಹಳ್ಳಿಯ ಕೃಷಿಕರು. ಎರಡು ಎಕರೆ ಅಡಿಕೆ ತೋಟ, ನಡುವೆ ಕಾಳುಮೆಣಸು. ಆಳು ಸಿಗದ ಕಾಲದಲ್ಲಿ ತಾವೇ ಮರ ಹತ್ತಿ ಮದ್ದು ಬಿಡುವವರು. 2012ರ ಜುಲೈಯಲ್ಲಿ, ಅವರಿಗೆ ಸುಮಾರು 29 ವರ್ಷವಾಗಿದ್ದಾಗ, ಬಲಗಣ್ಣು ಕೆಂಪಾಯಿತು. ಹಿಂದಿನ ದಿನವಷ್ಟೇ ಮದ್ದು ಬಿಟ್ಟಿದ್ದರು. ಮೈಲುತುತ್ತು, ಸುಣ್ಣ ಕಲಸಿದ ನೀರು ಕಣ್ಣಿಗೆ ಹಾರಿರಬೇಕು ಎಂದು ಮನೆಯವರೆಲ್ಲ ತೀರ್ಮಾನಿಸಿದರು. ತಾಯಿ ನಂದಿಬಟ್ಟಲು ಹೂವಿನ ರಸ ಹಿಂಡಿದರು. ಮೂರನೆಯ ದಿನ ಔಷಧಿ ಅಂಗಡಿಯಿಂದ ಹನಿಯ ಬಾಟಲಿ ಬಂತು. ಅದರಲ್ಲಿ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಇತ್ತು. ಹತ್ತು ದಿನದಲ್ಲಿ ಕಣ್ಣು ತಿಳಿಯಾಯಿತು.

ಎರಡನೆಯ ಸಲ ಕಣ್ಣು ಕೆಂಪಾದದ್ದು ಡಿಸೆಂಬರಿನಲ್ಲಿ. ಡಿಸೆಂಬರಿನಲ್ಲಿ ಯಾರೂ ಅಡಿಕೆಗೆ ಮದ್ದು ಬಿಡುವುದಿಲ್ಲ. ಆದರೂ ‘ಮೈಲುತುತ್ತಿನ ಕಣ್ಣು’ ಎಂಬ ಹೆಸರು ಆಗಲೇ ಗಟ್ಟಿಯಾಗಿತ್ತು, ಯಾರಿಗೂ ಸಂಶಯ ಬರಲಿಲ್ಲ. ಮುಂದಿನ ಏಳು ವರ್ಷಗಳಲ್ಲಿ ಒಂಬತ್ತು ಸಲ ಹೀಗಾಯಿತು: ಏಳು ಸಲ ಬಲಗಣ್ಣು, ಎರಡು ಸಲ ಎಡಗಣ್ಣು. ಪ್ರತಿ ಸಲವೂ ಅದೇ ಹಳೆಯ ಚೀಟಿ, ಅದೇ ಸ್ಟೀರಾಯ್ಡ್ ಹನಿ, ಪ್ರೆಡ್ನಿಸೊಲೋನ್ ಬಾಟಲಿ. ಕೆಂಪು ಹೋಗುವವರೆಗೆ ಬಿಡುವುದು, ಆಮೇಲೆ ಒಮ್ಮೆಲೇ ನಿಲ್ಲಿಸುವುದು.

ಇದು ಕೆಂಗಣ್ಣು ಅಲ್ಲವೆಂದು ಹೇಳುವ ಲಕ್ಷಣಗಳು ಮೊದಲ ದಿನದಿಂದಲೇ ಇದ್ದವು. ಕೆಂಗಣ್ಣಿನಲ್ಲಿ ಪಿಸುರು ಬರುತ್ತದೆ, ಬೆಳಗ್ಗೆ ರೆಪ್ಪೆ ಅಂಟಿಕೊಳ್ಳುತ್ತದೆ, ಸಾಮಾನ್ಯವಾಗಿ ಎರಡೂ ಕಣ್ಣಿಗೆ ಹರಡುತ್ತದೆ. ಇವರಿಗೆ ಪಿಸುರು ಇರಲಿಲ್ಲ. ಬೆಳಕು ನೋಡಿದರೆ ನೋವು, ಕಪ್ಪುಗುಡ್ಡೆಯ ಸುತ್ತ ಉಂಗುರದಂತೆ ಕೆಂಪು, ಮಂಜು ಮಂಜಾದ ನೋಟ, ಒಂದೇ ಕಣ್ಣು. ಇದು ಪಾಪೆಯ ಸುತ್ತಲಿನ ಬಣ್ಣದ ಪರದೆಯಾದ ಐರಿಸ್‌ನ ಉರಿಯೂತ. ಕಣ್ಣಿನ ಒಳಪೊರೆಗಳ ಉರಿಯೂತಕ್ಕೆ ಯೂವಿಯೈಟಿಸ್ ಎನ್ನುತ್ತಾರೆ; ಅದರ ಮುಂಭಾಗದ ಬಗೆ ಇದು. ಉರಿಯುವ ಐರಿಸ್ ಅಂಟಂಟಾಗಿ ಹಿಂದಿರುವ ಮಸೂರಕ್ಕೆ ಹತ್ತಿಕೊಳ್ಳುತ್ತದೆ. ಪ್ರತಿ ದಾಳಿಯೂ ಒಂದಷ್ಟು ಬೆಸುಗೆ ಹಾಕಿ ಹೋಗುತ್ತದೆ.

ನಮ್ಮ ಕಡೆ ಯಾವ ಕಾಯಿಲೆ ಬಂದರೂ ಎಂಡೋಸಲ್ಫಾನಿನ ಹೆಸರು ಬಾರದೆ ಇರುವುದಿಲ್ಲ. ಸರಕಾರಿ ಗೇರು ತೋಟಗಳ ಮೇಲೆ ಎರಡು ದಶಕ ಹೆಲಿಕಾಪ್ಟರಿನಿಂದ ವಿಷ ಸುರಿದ ನೆಲ ಇದು. ಜನ ಹಾಗೆ ಯೋಚಿಸಿದರೆ ನಾನು ನಗುವುದಿಲ್ಲ. ರೋಗಿಯ ತಂದೆಯೂ ಕೇಳಿದರು. ಈ ಕಣ್ಣಿಗೆ ಅದಕ್ಕೂ ಸಂಬಂಧ ಕಟ್ಟಲು ನನ್ನ ಬಳಿ ಆಧಾರವಿರಲಿಲ್ಲ, ಹಾಗೆಂದೇ ಹೇಳಿದೆ. ಆದರೆ ಆ ದಿನ ಆ ಪ್ರಶ್ನೆಗೆ ಕೊಟ್ಟ ಹತ್ತು ನಿಮಿಷವನ್ನು ರೋಗಿಯ ಬೆನ್ನಿನ ಬಗ್ಗೆ ಕೇಳಲು ಕೊಟ್ಟಿದ್ದರೆ ಎಂಟು ತಿಂಗಳು ಉಳಿಯುತ್ತಿತ್ತು. ಅದು ಮುಂದೆ ಬರುತ್ತದೆ.

ಮೊದಲ ಭೇಟಿ

2019ರ ನವೆಂಬರಿನಲ್ಲಿ ಅವರು ನನ್ನಲ್ಲಿಗೆ ಬಂದದ್ದು ಕನ್ನಡಕ ಬದಲಿಸಲು. ಬಲಗಣ್ಣಿನ ದೃಷ್ಟಿ 6/12, ಎಡಗಣ್ಣಿನದು 6/6, ಅಂದರೆ ಪೂರ್ಣ. ಬಲಗಣ್ಣಿನ ಪಾಪೆ ಗುಂಡಗಿರಲಿಲ್ಲ. ಕೆಳಭಾಗದಲ್ಲಿ ಮಸೂರಕ್ಕೆ ಅಂಟಿಕೊಂಡು ಗರಗಸದ ಹಲ್ಲಿನಂತಾಗಿತ್ತು. ಮುಂಭಾಗದ ನೀರಿನಲ್ಲಿ ಅಲ್ಲೊಂದು ಇಲ್ಲೊಂದು ಉರಿಯೂತದ ಕಣ. ಕಣ್ಣಿನೊಳಗಿನ ಒತ್ತಡ ಬಲಕ್ಕೆ 34 ಮಿಲಿಮೀಟರ್ ಪಾದರಸ, ಎಡಕ್ಕೆ 16. ಸಾಮಾನ್ಯ ಮಿತಿ 10ರಿಂದ 21. ದೃಷ್ಟಿನರದ ನಡುವಿನ ಗುಳಿ ಬಲಗಣ್ಣಿನಲ್ಲಿ ನರದ ಅಗಲದ ಹತ್ತರಲ್ಲಿ ಏಳು ಪಾಲು ತಿಂದಿತ್ತು, ಎಡಗಣ್ಣಿನಲ್ಲಿ ಮೂರು ಪಾಲು. ಒತ್ತಡದಿಂದ ದೃಷ್ಟಿನರ ಹೀಗೆ ಸವೆಯುವುದೇ ಗ್ಲಾಕೋಮಾ. ಅವರಿಗೆ ಇದೊಂದೂ ಗೊತ್ತಿರಲಿಲ್ಲ. ಎರಡೂ ಕಣ್ಣು ತೆರೆದಿರುವಾಗ ಬಲಗಣ್ಣಿಗೆ ಕಾಣದ ಜಾಗವನ್ನು ಎಡಗಣ್ಣು ತುಂಬಿಕೊಡುತ್ತದೆ. ನೋಟದ ಅಂಚು ಸವೆಯುವುದು ಹೀಗೆ ಯಾರಿಗೂ ತಿಳಿಯದೆ.

ಹನಿಗಳನ್ನು ಬರೆದೆ: ಒತ್ತಡ ಇಳಿಸುವ ಟಿಮೊಲಾಲ್, ಬ್ರಿಂಜೊಲಮೈಡ್, ಪಾಪೆ ಹಿಗ್ಗಿಸುವ ಹೊಮಾಟ್ರೊಪಿನ್. ಬಲವಾದ ಸ್ಟೀರಾಯ್ಡ್ ಬದಲು ಸೌಮ್ಯವಾದ ಫ್ಲೋರೊಮೆಥೊಲೋನ್. ಜನವರಿಯ ಹೊತ್ತಿಗೆ ಒತ್ತಡ 22ಕ್ಕೆ ಇಳಿಯಿತು. ನನಗೆ ಸಮಾಧಾನವಾಯಿತು. ಸಮಾಧಾನದಲ್ಲಿ ಒಂದು ಮಾತು ಆಡಿದೆ: “ಏಳು ವರ್ಷ ಅಂಗಡಿಯಿಂದ ತಂದು ಬಿಟ್ಟಿರಲ್ಲ, ಆ ಮದ್ದಿನಿಂದಲೇ ನಿಮ್ಮ ಒತ್ತಡ ಏರಿದ್ದು.”

ಈ ಮಾತು ಅರ್ಧ ಸತ್ಯ. ಅರ್ಧ ಸತ್ಯ ಏಕೆ ಎಂಬುದರಲ್ಲೇ ಈ ಕಾಯಿಲೆಯ ತಿರುಳಿದೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಣ್ಣಿನೊಳಗೆ ಐರಿಸ್‌ನ ಹಿಂದೆ ನೀರು ಒಸರುತ್ತದೆ, ಪಾಪೆಯ ಮೂಲಕ ಮುಂದೆ ಬರುತ್ತದೆ, ಐರಿಸ್ ಮತ್ತು ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ಕೂಡುವ ಕೋನದಲ್ಲಿರುವ ಜರಡಿಯಿಂದ ಹೊರಗೆ ಇಂಗುತ್ತದೆ. ಉರಿಯೂತವು ಈ ದಾರಿಯ ಎಲ್ಲ ಕಡೆ ಕೈಯಾಡಿಸುತ್ತದೆ. ಜರಡಿಯೇ ಬಾತುಕೊಳ್ಳಬಹುದು, ಕಣಗಳೂ ಪ್ರೋಟೀನೂ ಅದನ್ನು ಕಟ್ಟಬಹುದು, ಐರಿಸ್ ಬೇರು ಕೋನಕ್ಕೆ ಅಂಟಿ ಜರಡಿಯನ್ನೇ ಮುಚ್ಚಬಹುದು, ಪಾಪೆ ಸುತ್ತಲೂ ಮಸೂರಕ್ಕೆ ಅಂಟಿದರೆ ನೀರು ಮುಂದೆ ಬರುವ ದಾರಿಯೇ ಇಲ್ಲವಾಗಬಹುದು. ಸ್ಟೀರಾಯ್ಡ್ ಹನಿ ಕೆಲವರಲ್ಲಿ ಜರಡಿಯನ್ನು ಬಿಗಿ ಮಾಡುತ್ತದೆ, ನಿಜ. ಆದರೆ ಇನ್ನೊಂದು ಸಂಗತಿಯೂ ಇದೆ. ಉರಿಯೂತ ಜೋರಾಗಿದ್ದಾಗ ನೀರು ಒಸರುವ ಭಾಗವೇ ಸೋತು ಒತ್ತಡ ಕೆಳಗಿರುತ್ತದೆ. ಸ್ಟೀರಾಯ್ಡ್ ಉರಿಯನ್ನು ಆರಿಸಿದಾಗ ಒಸರು ಮರಳುತ್ತದೆ, ಹಾಳಾದ ಜರಡಿ ಅದನ್ನು ತಾಳದೆ ಒತ್ತಡ ಏರುತ್ತದೆ. ಹೊರಗಿನಿಂದ ನೋಡುವವರಿಗೆ ಮದ್ದು ಹಾಕಿದ ಮೇಲೆ ಒತ್ತಡ ಏರಿದಂತೆ ಕಾಣುತ್ತದೆ. ಅಲ್ಲಿ ಮದ್ದು ಕೆಲಸ ಮಾಡಿದೆ. ಹಾಳು ಮೊದಲೇ ಆಗಿತ್ತು. ಇವರ ಕೋನವನ್ನು ನಾನು ಗೋನಿಯೊ ಮಸೂರ ಇಟ್ಟು ನೋಡಿದ್ದರೆ ಯಾವ ಪಾಲು ಯಾವುದರದ್ದೆಂದು ಅಂದಾಜಾಗುತ್ತಿತ್ತು. ಮಸೂರ ಮೇಜಿನ ಒಳಗೇ ಇತ್ತು. ಹೊರಗೆ ಹದಿನೆಂಟು ಜನ ಕಾದಿದ್ದರು.

ಫೆಬ್ರವರಿಯ ಕೊನೆಯಲ್ಲಿ ಅವರು ಭೇಟಿಗೆ ಬಾರದಿದ್ದಾಗ ಫೋನು ಮಾಡಿದೆ. “ಮದ್ದು ಬಿಡುತ್ತಿದ್ದೀರಾ?”

“ಬಿಟ್ಟಿದ್ದೇನೆ ಡಾಕ್ಟರೇ. ನೀವು ಹೇಳಿದ ದಿನದಿಂದಲೇ.”

ಸರಿ, ಅಡಿಕೆ ಕೊಯ್ಲು ಮುಗಿಸಿ ಬನ್ನಿ ಎಂದೆ. ಅವರು ಹೇಳಿದ್ದು ಮೂರನೆಯ ಅರ್ಥದಲ್ಲಿ. ಒತ್ತಡ ಏರಿಸುವ ಮದ್ದು ಎಂದು ಡಾಕ್ಟರೇ ಹೇಳಿದ ಮೇಲೆ, ಎಲ್ಲ ಬಾಟಲಿಗಳನ್ನೂ ಒಟ್ಟಿಗೆ ಕಿಟಕಿಯ ಹೊರಗೆ ಎಸೆದಿದ್ದರು.

ಗಡಿ ಮುಚ್ಚಿದ ವಾರ

2020ರ ಮಾರ್ಚ್ ಕೊನೆಯ ವಾರ ಬಲಗಣ್ಣಿನಲ್ಲಿ ದಾಳಿ ಎದ್ದಿತು. ಈ ಸಲ ನೋವು ತಲೆಗೆ ಹತ್ತಿ ವಾಂತಿಯಾಯಿತು. ದೇಶವೇ ಮನೆಯೊಳಗೆ ಇದ್ದ ದಿನಗಳು. ಕಾಸರಗೋಡಿನಲ್ಲಿ ಕೋವಿಡ್ ಸೋಂಕು ಹೆಚ್ಚಿದ್ದರಿಂದ ಬಿಗಿ ಇನ್ನೂ ಜಾಸ್ತಿ. ತಲಪಾಡಿಯಲ್ಲಿ ಕರ್ನಾಟಕ ಗಡಿ ಮುಚ್ಚಿತ್ತು, ಒಳರಸ್ತೆಗಳಿಗೆ ಮಣ್ಣು ಸುರಿದಿದ್ದರು. ಇಲ್ಲಿಯವರಿಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರು. ಐವತ್ತು ಕಿಲೋಮೀಟರ್, ಒಂದೂವರೆ ಗಂಟೆ. ಆ ದಾರಿ ಕಡಿದುಹೋದಾಗ ಪ್ರಾಣ ಕಳೆದುಕೊಂಡವರಿದ್ದಾರೆ. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿ, ಏಪ್ರಿಲ್ ಮೊದಲ ವಾರ ಕಳೆದ ಮೇಲಷ್ಟೇ ಷರತ್ತುಗಳೊಡನೆ ರೋಗಿಗಳಿಗೆ ದಾರಿ ಬಿಟ್ಟರು.

ಅವರ ಮಗಳು ಮೊಬೈಲಿನಲ್ಲಿ ಕಣ್ಣಿನ ಚಿತ್ರ ಕಳಿಸಿದಳು. ಕಾರ್ನಿಯಾ ಆವಿ ಹಿಡಿದ ಗಾಜಿನಂತೆ ಮಸುಕಾಗಿತ್ತು. ಪೊಲೀಸರಿಗೆ ಪತ್ರ ಬರೆದುಕೊಟ್ಟು ಚಿಕಿತ್ಸಾಲಯ ತೆರೆಸಿ ನೋಡಿದೆ. ಒತ್ತಡ 52. ಪಾಪೆ ಸುತ್ತಲೂ ಅಂಟಿಕೊಂಡಿತ್ತು. ಹಿಂದೆ ಸಿಕ್ಕಿಬಿದ್ದ ನೀರು ಐರಿಸನ್ನು ಗಾಳಿ ಕುಡಿದ ಹಾಯಿಯಂತೆ ಮುಂದಕ್ಕೆ ಉಬ್ಬಿಸಿತ್ತು. ಆಗ ಕೇಳಿದೆ, ಯಾವ ಮದ್ದು ಬಿಟ್ಟಿರಿ ಎಂದು. ಅವರು ವಾಕ್ಯವನ್ನು ಪೂರ್ತಿ ಹೇಳಿದರು.

ಬೇಕಾಗಿದ್ದದ್ದು ಐರಿಸ್‌ಗೆ ಲೇಸರಿನಿಂದ ಒಂದು ರಂಧ್ರ. ನನ್ನಲ್ಲಿ ಲೇಸರ್ ಇಲ್ಲ. ಸ್ಥಳೀಯ ಆಸ್ಪತ್ರೆಯಲ್ಲಿ ಒತ್ತಡ ಇಳಿಸಲು ರಕ್ತನಾಳಕ್ಕೆ ಮ್ಯಾನಿಟಾಲ್ ಕೊಡಿಸಿ, ಅಸೆಟಜೊಲಮೈಡ್ ಮಾತ್ರೆ, ಗಂಟೆಗೊಮ್ಮೆ ಪ್ರೆಡ್ನಿಸೊಲೋನ್, ಪಾಪೆ ಹಿಗ್ಗಿಸುವ ಆಟ್ರೊಪಿನ್ ಆರಂಭಿಸಿ, ಆಂಬುಲೆನ್ಸಿನಲ್ಲಿ ತೆಂಕು ದಿಕ್ಕಿಗೆ, ಕಣ್ಣೂರು ಕಡೆಗೆ ಕಳಿಸಿದೆವು. ರಂಧ್ರ ಮಾಡಿದರು. ಎರಡು ವಾರದಲ್ಲಿ ಉರಿಯೂತದ ನಾರು ಬೆಳೆದು ಮುಚ್ಚಿತು. ಮತ್ತೆ ಮಾಡಿದರು, ಮತ್ತೆ ಮುಚ್ಚಿತು. ಉರಿಯುವ ಕಣ್ಣಿನಲ್ಲಿ ಲೇಸರ್ ರಂಧ್ರದ ಹಣೆಬರಹ ಹೆಚ್ಚಾಗಿ ಇದೇ. ಅಲ್ಲಿ ಬೇರೆ ದಾರಿಯೂ ಇರಲಿಲ್ಲ.

ಅಲ್ಲಿಂದ ತಂದ ಚೀಟಿಯಲ್ಲಿ ಹನಿಗಳನ್ನು ವಾರಾವಾರ ಕಡಿಮೆ ಮಾಡುವ ಕ್ರಮವನ್ನು ಮಲಯಾಳದಲ್ಲಿ ಬರೆದಿದ್ದರು. ಹನಿ ಹಾಕುವವರು ಹೆಂಡತಿ. ಅವರು ಪುತ್ತೂರು ಕಡೆಯಿಂದ ಮದುವೆಯಾಗಿ ಬಂದವರು, ಮಲಯಾಳ ಮಾತು ಅರ್ಥವಾಗುತ್ತದೆ, ಓದಲು ಬಾರದು. ಒಂದು ವಾರದ ಲೆಕ್ಕ ತಪ್ಪಿತು. ಬರೆದವರದ್ದೂ ತಪ್ಪಲ್ಲ, ಓದಲಾಗದವರದ್ದೂ ಅಲ್ಲ. ಗಡಿನಾಡಿನಲ್ಲಿ ಇಂಥದ್ದಕ್ಕೆ ಯಾರ ಮೇಲೂ ಸಿಟ್ಟು ಮಾಡಲು ಬರುವುದಿಲ್ಲ.

ಸೊಂಟ

ಜೂನ್ ಹೊತ್ತಿಗೆ ಕೊನೆಗೂ ಗೋನಿಯೊ ಮಸೂರ ಹೊರಗೆ ತೆಗೆದೆ. ಕೋನದ ಮುಕ್ಕಾಲು ಭಾಗ ಅಂಟಿ ಮುಚ್ಚಿತ್ತು. ಮೂರು ಬಗೆಯ ಹನಿ, ಮೇಲೆ ದಿನಕ್ಕೆ ನಾಲ್ಕು ಅಸೆಟಜೊಲಮೈಡ್ ಮಾತ್ರೆ. ಆದರೂ ಒತ್ತಡ 38. ಬೆರಳ ತುದಿ ಜುಮುಗುಟ್ಟುತ್ತದೆ, ಊಟ ರುಚಿಸುವುದಿಲ್ಲ ಎನ್ನುತ್ತಿದ್ದರು. ಆ ಮಾತ್ರೆಯ ಸ್ವಭಾವವೇ ಹಾಗೆ, ತಿಂಗಳುಗಟ್ಟಲೆ ನುಂಗಿಸುವಂಥದ್ದಲ್ಲ.

ಅಂದು ಅವರು ಕುರ್ಚಿಯಿಂದ ಏಳುವಾಗ ಎರಡೂ ಕೈಯನ್ನು ತೊಡೆಗೆ ಊರಿ ಎದ್ದರು. 37ರ ಪ್ರಾಯದಲ್ಲಿ. ಸೊಂಟ ನೋಯುತ್ತದೆಯೇ ಎಂದೆ.

“ಅದು ಮರ ಹತ್ತುವ ಸೊಂಟ ಡಾಕ್ಟರೇ. ನಮ್ಮ ಕಡೆ ಎಲ್ಲರಿಗೂ ಇದೆ.”

“ಯಾವಾಗ ಹೆಚ್ಚು? ಕೆಲಸ ಮಾಡಿದ ಮೇಲೆಯೋ, ಬೆಳಗ್ಗೆಯೋ?”

“ಬೆಳಗ್ಗೆ. ಒಂದು ಗಂಟೆ ಬಗ್ಗಲು ಆಗುವುದಿಲ್ಲ. ತೋಟಕ್ಕೆ ಇಳಿದು ನಾಲ್ಕು ಮರ ಹತ್ತಿದರೆ ಸರಿಯಾಗುತ್ತದೆ.”

ದುಡಿದು ಬಂದ ನೋವು ದುಡಿದರೆ ಹೆಚ್ಚುತ್ತದೆ, ಮಲಗಿದರೆ ಕಡಿಮೆಯಾಗುತ್ತದೆ. ಇದು ತಿರುಗುಮುರುಗು. ಸೊಂಟದ ಕೀಲುಗಳ ಎಂಆರ್‌ಐಯಲ್ಲಿ ಉರಿಯೂತ ಕಂಡಿತು. ರಕ್ತದಲ್ಲಿ ಇಂಥ ಕಾಯಿಲೆಯ ಆನುವಂಶಿಕ ಗುರುತಾದ ಎಚ್‌ಎಲ್‌ಎ-ಬಿ27 ಇತ್ತು. ಬೆನ್ನುಮೂಳೆಯ ಕೀಲುಗಳು ಬಿಗಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಒಮ್ಮೆ ಒಂದು ಕಣ್ಣು, ಇನ್ನೊಮ್ಮೆ ಇನ್ನೊಂದು ಕಣ್ಣು, ಹಠಾತ್ತನೆ ಬಂದು ಹೋಗುವ ಐರಿಸ್ ಉರಿಯೂತ ಅದರ ಜೊತೆಗಾರ. ಎರಡೂ ಒಂದೇ ಮರದ ಕೊಂಬೆಗಳು; ಒಂದಕ್ಕೆ ಮೈಲುತುತ್ತಿನ ಹೆಸರು, ಇನ್ನೊಂದಕ್ಕೆ ಮರ ಹತ್ತುವ ಹೆಸರು ಬಿದ್ದು ಬೇರೆ ಬೇರೆಯಾಗಿ ಉಳಿದಿದ್ದವು. ನವೆಂಬರಿನಿಂದ ಜೂನ್ ವರೆಗೆ, ಎಂಟು ತಿಂಗಳು.

ಯಾವಾಗ, ಯಾವುದು

ಜುಲೈಯಲ್ಲಿ ಮಂಗಳೂರಿನ ಗ್ಲಾಕೋಮಾ ತಜ್ಞರಲ್ಲಿಗೆ ಹೋದರು. ದೃಷ್ಟಿಕ್ಷೇತ್ರ ಪರೀಕ್ಷೆಯಲ್ಲಿ ಬಲಗಣ್ಣಿನ ಮೇಲರ್ಧದಲ್ಲಿ ಕಮಾನಿನಂಥ ಕತ್ತಲು, ನೋಟದ ನಡುಬಿಂದುವಿನ ಹತ್ತಿರದವರೆಗೆ ಬಂದಿತ್ತು. ನಾನು ಫೋನಿನಲ್ಲಿ ಅವಸರಿಸಿದೆ: 38ರಲ್ಲಿ ಇಷ್ಟು ದಿನ ಇದ್ದರೆ ನರ ಉಳಿಯದು, ಈ ವಾರವೇ ಮಾಡಿ. ಅವರು ಒಪ್ಪಲಿಲ್ಲ. ಉರಿಯುತ್ತಿರುವ ಕಣ್ಣಿಗೆ ಚಾಕು ಹಾಕಿದರೆ ಹೊಸ ದಾರಿಯೂ ಗಾಯ ಮಾಗಿದಂತೆ ಮುಚ್ಚಿಕೊಳ್ಳುತ್ತದೆ, ಆಮೇಲೆ ಎರಡನೆಯ ಅವಕಾಶ ಇರುವುದಿಲ್ಲ ಎಂದರು. ಯೂವಿಯೈಟಿಸ್ ಇರುವ ಕಣ್ಣು ಸಾಧ್ಯವಾದರೆ ಮೂರು ತಿಂಗಳು ಶಾಂತವಾಗಿರಬೇಕು ಎಂಬುದು ರೂಢಿ. ಮೂರು ತಿಂಗಳು ನಮ್ಮಲ್ಲಿರಲಿಲ್ಲ. ಕೊನೆಗೆ ಒಪ್ಪಂದಕ್ಕೆ ಬಂದೆವು: ಬಾಯಿಯ ಮೂಲಕ ಪ್ರೆಡ್ನಿಸೊಲೋನ್, ದೇಹದ ರೋಗನಿರೋಧಕ ಶಕ್ತಿಯ ಅಬ್ಬರ ತಗ್ಗಿಸಲು ವಾತರೋಗ ತಜ್ಞರು ಆರಂಭಿಸಿದ ವಾರಕ್ಕೊಮ್ಮೆಯ ಮೆಥೋಟ್ರೆಕ್ಸೇಟ್, ಎರಡು ವಾರಕ್ಕೊಮ್ಮೆ ಒತ್ತಡ, ಆರು ವಾರಕ್ಕೆ ಮತ್ತೆ ದೃಷ್ಟಿಕ್ಷೇತ್ರ. ಕತ್ತಲು ಮುಂದುವರಿದರೆ ಆ ಕ್ಷಣವೇ ಶಸ್ತ್ರಚಿಕಿತ್ಸೆ.

ಆರನೆಯ ವಾರ ಕತ್ತಲು ನಡುಬಿಂದುವಿಗೆ ಇನ್ನಷ್ಟು ಹತ್ತಿರವಾಗಿತ್ತು. ಕಣ್ಣು ಶಾಂತವಾಗಿ ಐದೇ ವಾರ. ಸೆಪ್ಟೆಂಬರಿಗೆ ದಿನ ಗೊತ್ತಾಯಿತು.

ಯಾವ ಶಸ್ತ್ರಚಿಕಿತ್ಸೆ ಎಂಬುದು ಸುಲಭದ ಪ್ರಶ್ನೆಯಾಗಿರಲಿಲ್ಲ. 1968ರಿಂದ ಬಳಕೆಯಲ್ಲಿರುವ ಟ್ರಾಬೆಕ್ಯುಲೆಕ್ಟಮಿಯಲ್ಲಿ ಬಿಳಿಗುಡ್ಡೆಗೆ ಸಣ್ಣ ಬಾಗಿಲು ಕತ್ತರಿಸಿ ನೀರು ಹೊರಪೊರೆಯ ಕೆಳಗೆ ಸೇರುವಂತೆ ಮಾಡುತ್ತಾರೆ. ಗಾಯ ಬೆಸೆಯುವುದನ್ನು ತಡೆಯುವ ಮೈಟೊಮೈಸಿನ್ ಹಚ್ಚಿದರೂ, ಪ್ರಾಯದವರಲ್ಲಿ, ಅದರಲ್ಲೂ ಉರಿಯೂತ ಮರುಕಳಿಸುವವರಲ್ಲಿ ಆ ಬಾಗಿಲು ಬೇಗ ಬೆಸೆದುಕೊಳ್ಳುತ್ತದೆ. ನೀರು ಒಸರುವ ಭಾಗವನ್ನೇ ಲೇಸರಿನಿಂದ ಸುಡುವ ವಿಧಾನ ಅಗ್ಗ. ಆದರೆ ಉರಿಯೂತದಿಂದ ಮೊದಲೇ ಸೋತ ಭಾಗವನ್ನು ಸುಟ್ಟರೆ ಕಣ್ಣು ಬತ್ತಿಹೋಗುವ ಅಪಾಯ. ಉಳಿದದ್ದು ನಳಿಗೆ: ಕಣ್ಣಿನ ಮುಂಭಾಗದಿಂದ ಒಂದು ಸಿಲಿಕೋನ್ ಕೊಳವೆ, ಅದರ ತುದಿಗೆ ಬಿಳಿಗುಡ್ಡೆಯ ಮೇಲೆ ಹೊಲಿದ ತಟ್ಟೆ.

ಚರ್ಚೆಯೆಲ್ಲ ನಡೆದದ್ದು ಎರಡು ನಳಿಗೆಗಳ ನಡುವೆ. ಮಧುರೈಯ ಅರೋಲ್ಯಾಬ್ ತಯಾರಿಸುವ ಕವಾಟವಿಲ್ಲದ ನಳಿಗೆ ಬೆಲೆಯಲ್ಲಿ ಬಹಳ ಅಗ್ಗ, 350 ಚದರ ಮಿಲಿಮೀಟರಿನ ದೊಡ್ಡ ತಟ್ಟೆ, ದೀರ್ಘಕಾಲದ ಒತ್ತಡಕ್ಕೆ ಒಳ್ಳೆಯದು. ಕವಾಟವಿಲ್ಲದ್ದರಿಂದ ಅದನ್ನು ಕರಗುವ ದಾರದಿಂದ ಕಟ್ಟಿ ಹಾಕಬೇಕು. ಐದಾರು ವಾರದಲ್ಲಿ ದಾರ ಕರಗಿದಾಗ ಒಮ್ಮೆಲೇ ತೆರೆದುಕೊಳ್ಳುತ್ತದೆ. 1993ರಿಂದ ಬಳಕೆಯಲ್ಲಿರುವ ಅಹ್ಮದ್ ಕವಾಟ ದುಬಾರಿ, ತಟ್ಟೆ ಸಣ್ಣದು, 184 ಚದರ ಮಿಲಿಮೀಟರ್. ಆದರೆ ಮೊದಲ ದಿನದಿಂದ ಕೆಲಸ ಮಾಡುತ್ತದೆ, ಒತ್ತಡ ತೀರ ಕುಸಿದರೆ ಕವಾಟ ತಡೆಯುತ್ತದೆ. ನಾನು ಖರ್ಚಿನ ಪರ ಮಾತಾಡಿದೆ. ತಜ್ಞರು ಒಂದೇ ಪ್ರಶ್ನೆ ಕೇಳಿದರು: ಮುಂದಿನ ವರ್ಷ ಇವರಿಗೆ ಮತ್ತೊಂದು ದಾಳಿಯಾಗಿ ಒಸರು ನಿಂತರೆ, ತೆರೆದ ಕೊಳವೆ ಏನು ಮಾಡುತ್ತದೆ? ಉಳಿದ ಸ್ವಲ್ಪ ನೀರನ್ನೂ ಹರಿಸಿಬಿಡುತ್ತದೆ. ಅಹ್ಮದ್ ಎಂದಾಯಿತು.

ರೋಗಿಗೆ ವಿವರಿಸಲು ನನಗೆ ಹೆಚ್ಚು ಕಷ್ಟವಾಗಲಿಲ್ಲ. ಅವರ ಮನೆಯ ಹಿಂದೆ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದಲೇ ಮನೆಗೂ ತೋಟಕ್ಕೂ ನೀರು. “ಕಣ್ಣಿಗೊಂದು ಸುರಂಗ” ಎಂದರು ಅವರೇ. ಆಮೇಲೆ, ಮಣ್ಣು ಮೆದುವಿದ್ದಲ್ಲಿ ಸುರಂಗ ಕುಸಿಯುತ್ತದಲ್ಲ, ಇದಕ್ಕೆ ಹಾಗಾಗುವುದಿಲ್ಲವೇ ಎಂದು ಕೇಳಿದರು. ನಾನು ಓದಿದ ಯಾವ ಒಪ್ಪಿಗೆ ಪತ್ರದಲ್ಲೂ ಅಷ್ಟು ನೇರವಾದ ಪ್ರಶ್ನೆ ಇಲ್ಲ. ಆಗಬಹುದು, ಅದಕ್ಕೇ ಸ್ಟೀರಾಯ್ಡ್ ಎಂದೆ. ಅವರ ಮುಖ ಬಿಗಿಯಿತು: “ಮತ್ತೆ ಅದೇ ಮದ್ದೋ?”

ಜನವರಿಯಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಮುಕ್ಕಾಲು ಗಂಟೆ ಬೇಕಾಯಿತು. ನಾನು ಹೇಳಿದ್ದು ಪೂರ್ತಿ ಸರಿಯಲ್ಲ ಎಂದು ಮೊದಲು ಒಪ್ಪಿಕೊಂಡೆ. ಅದರ ನಂತರವೇ ಅವರು ಕೇಳಿಸಿಕೊಂಡದ್ದು.

ಶಸ್ತ್ರಚಿಕಿತ್ಸೆ ಮತ್ತು ಆಮೇಲೆ

ಕಣ್ಣಿನ ಸುತ್ತ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಒಂದು ಗಂಟೆಯ ಕೆಲಸ. ಕವಾಟದ ಎರಡು ಪದರಗಳು ಅಂಟಿಕೊಂಡಿರುತ್ತವೆ, ಆದ್ದರಿಂದ ಒಳಗಿಡುವ ಮೊದಲು ನೀರು ಹಾಯಿಸಿ ಬಿಡಿಸಿಕೊಂಡರು. ಇದನ್ನು ಮರೆತರೆ ನಳಿಗೆ ಇದ್ದೂ ಇಲ್ಲದಂತೆ. ತಟ್ಟೆಯನ್ನು ಹುಬ್ಬಿನ ಹೊರತುದಿಯ ಕೆಳಗೆ, ಕಾರ್ನಿಯಾದ ಅಂಚಿನಿಂದ ಸುಮಾರು ಎಂಟು ಮಿಲಿಮೀಟರ್ ಹಿಂದೆ ಹೊಲಿದರು. ಕೊಳವೆಯ ಮೇಲೆ ದಾನದ ಕಣ್ಣಿನ ಬಿಳಿಗುಡ್ಡೆಯ ತುಂಡು ಮುಚ್ಚಿದರು, ಕೊಳವೆ ಕ್ರಮೇಣ ಹೊರಪೊರೆಯನ್ನು ಸವೆಸಿ ಹೊರಬರದಂತೆ. ಐರಿಸ್‌ನಲ್ಲಿ ಕತ್ತರಿಯಿಂದಲೇ ಒಂದು ದೊಡ್ಡ ಕಿಂಡಿ ಮಾಡಿದರು; ಲೇಸರ್ ರಂಧ್ರದಂತೆ ಅದು ಮುಚ್ಚಲಿಲ್ಲ. ಮಸೂರವನ್ನು ಮಸುಕಾಗಿಸುವ ಪೊರೆಯೂ ಬೆಳೆಯುತ್ತಿತ್ತು, ದೃಷ್ಟಿ 6/36ಕ್ಕೆ ಇಳಿದಿತ್ತು. ಒಟ್ಟಿಗೇ ತೆಗೆಯಿರಿ, ಎರಡೆರಡು ಸಲ ಬರುವುದು ತಪ್ಪುತ್ತದೆ ಎಂದು ಮನೆಯವರು ಕೇಳಿಕೊಂಡರು. ತಜ್ಞರು ಒಪ್ಪಲಿಲ್ಲ. ಐದು ವಾರ ಮಾತ್ರ ಶಾಂತವಾಗಿದ್ದ ಕಣ್ಣಿಗೆ ಒಂದು ಗಾಯ ಸಾಕು ಎಂದರು.

ಮರುದಿನ ಒತ್ತಡ 9. ತಿಂಗಳುಗಟ್ಟಲೆ ನುಂಗಿದ ಅಸೆಟಜೊಲಮೈಡ್ ಅಂದು ನಿಂತಿತು. ಊಟಕ್ಕೆ ರುಚಿ ಬಂತೆಂದು ಹೆಂಡತಿ ಫೋನಿನಲ್ಲಿ ಹೇಳಿದರು. ಈ ಸಲ ಹನಿಗಳ ಪಟ್ಟಿಯನ್ನು ಮಗಳು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದಳು, ದಿನಕ್ಕೊಂದು ಸಾಲು, ಹಾಕಿದ ಮೇಲೆ ಗೀಟು. ನಾನು ಅದರ ಚಿತ್ರ ತೆಗೆದಿಟ್ಟುಕೊಂಡಿದ್ದೇನೆ; ಈಗ ನನ್ನಲ್ಲಿ ಅದೇ ಮಾದರಿಯ ಹಾಳೆ ಕನ್ನಡದಲ್ಲೂ ಮಲಯಾಳದಲ್ಲೂ ಇದೆ.

ಏಳನೆಯ ವಾರ ಒತ್ತಡ 26ಕ್ಕೆ ಏರಿತು. ಅಹ್ಮದ್ ಕವಾಟದಲ್ಲಿ ಇದು ನಿರೀಕ್ಷಿತ. ತಟ್ಟೆಯ ಸುತ್ತ ನಾರಿನ ಕವಚ ಕಟ್ಟಿಕೊಳ್ಳುವ ತಿಂಗಳುಗಳಲ್ಲಿ ಒತ್ತಡ ಏರಿ, ಅದು ತೆಳುವಾದ ಮೇಲೆ ಇಳಿಯುತ್ತದೆ. ನಾನು ಮೊದಲೇ ಹೇಳಿದ್ದೆ. ಹೇಳಿದ್ದರೂ ಮನೆಯಲ್ಲಿ ಸುರಂಗ ಕುಸಿಯಿತು ಎಂಬ ಮಾತು ಹುಟ್ಟಿತು. ಟಿಮೊಲಾಲ್ ಮತ್ತು ಡೊರ್ಜೊಲಮೈಡ್ ಸೇರಿದ ಹನಿ ಮರಳಿ ಬಂತು. ಒತ್ತಡದ ಇನ್ನೊಂದು ಹನಿಯಾದ ಬ್ರಿಮೊನಿಡಿನ್ ಬರೆಯಲಿಲ್ಲ, ಅಪರೂಪಕ್ಕೆ ಅದೇ ಉರಿಯೂತ ತರುತ್ತದೆ. ಪಾಪೆಯನ್ನು ಕುಗ್ಗಿಸುವ ಪೈಲೊಕಾರ್ಪಿನ್ ಇಂಥ ಕಣ್ಣಿಗೆ ಸಲ್ಲದು. ಐದನೆಯ ತಿಂಗಳಿಗೆ ಒತ್ತಡ 15.

ಎಂಟನೆಯ ತಿಂಗಳು, 2021ರ ಮೇ. ಎರಡನೆಯ ಅಲೆಯಲ್ಲಿ ಮನೆಯವರಿಗೆಲ್ಲ ಜ್ವರ. ಸೋಂಕಿನ ದಿನಗಳಲ್ಲಿ ಮೆಥೋಟ್ರೆಕ್ಸೇಟ್ ನಿಲ್ಲಿಸಿ ಎಂದು ವೈದ್ಯರು ಹೇಳಿದ್ದು ಸರಿಯೇ. ಜ್ವರ ಬಿಟ್ಟ ಮೇಲೆ ಪುನಃ ಆರಂಭಿಸಿ ಎಂದು ಹೇಳಲು ಯಾರಿಗೂ ಪುರಸೊತ್ತಿರಲಿಲ್ಲ, ನನಗೂ. ಒಂದು ತಿಂಗಳ ಮೇಲೆ ಬಲಗಣ್ಣು ಕೆಂಪಾಯಿತು. ಈ ಸಲ ಒತ್ತಡ 4. ತಜ್ಞರು ಕೇಳಿದ ಪ್ರಶ್ನೆ ಕಣ್ಣೆದುರು ನಿಂತಿತ್ತು. ಒಸರು ನಿಂತು, ಅಕ್ಷಿಪಟಲದ ಹಿಂದಿನ ಪೊರೆ ನೀರು ತುಂಬಿ ಸ್ವಲ್ಪ ಎದ್ದಿತ್ತು. ಕವಾಟವಿದ್ದೂ 4, ತೆರೆದ ನಳಿಗೆ ಇದ್ದಿದ್ದರೆ ಎಷ್ಟಿರುತ್ತಿತ್ತೋ ಎಂದು ಊಹಿಸಲು ನಾನು ಹೋಗುವುದಿಲ್ಲ. ಗಂಟೆಗೊಮ್ಮೆ ಸ್ಟೀರಾಯ್ಡ್ ಹನಿ, ಮಾತ್ರೆ, ಆಟ್ರೊಪಿನ್. ಮೂರು ವಾರಕ್ಕೆ 12ಕ್ಕೆ ಬಂತು. ಒತ್ತಡ ಏರಿಸುವುದೆಂದು ಒಮ್ಮೆ ಕಿಟಕಿಯಾಚೆ ಎಸೆದ ಮದ್ದು ಈ ಸಲ ಕುಸಿದ ಒತ್ತಡವನ್ನು ಎತ್ತಿ ನಿಲ್ಲಿಸಿತು. ಇದನ್ನು ನಾನು ವಿವರಿಸಬೇಕಾಗಲಿಲ್ಲ, ಅವರೇ ಹೇಳಿದರು.

ಆ ದಾಳಿಯ ನಂತರ ವಾತರೋಗ ತಜ್ಞರು ಉರಿಯೂತ ತಡೆಯುವ ಚುಚ್ಚುಮದ್ದಾದ ಅಡಾಲಿಮುಮ್ಯಾಬ್‌ಗೆ ಒತ್ತಾಯಿಸಿದರು. ಎರಡು ವಾರಕ್ಕೊಮ್ಮೆ 40 ಮಿಲಿಗ್ರಾಂ, ಚರ್ಮದ ಕೆಳಗೆ. ಬೆನ್ನಿಗೂ ಕಣ್ಣಿಗೂ ಒಂದೇ ಮದ್ದು. ಅದೇ ಗುಂಪಿನ ಎಟನರ್ಸೆಪ್ಟ್ ಬೆನ್ನಿಗೆ ಒದಗುತ್ತದೆ, ಕಣ್ಣಿನ ಉರಿಯೂತಕ್ಕೆ ಅಷ್ಟಾಗಿ ಒದಗುವುದಿಲ್ಲ. ಈ ಆಯ್ಕೆಯಲ್ಲಿ ಕಣ್ಣಿನವರು ಒಂದು ಮಾತು ಸೇರಿಸುವುದು ಒಳ್ಳೆಯದು. ಕ್ಷಯ ಅಡಗಿಲ್ಲವೆಂದು ಮಾಂಟೂ ಪರೀಕ್ಷೆ, ಎದೆಯ ಚಿತ್ರ ಮೊದಲೇ ಆಗಿರಬೇಕು, ಆಯಿತು. ಸ್ವದೇಶಿ ತಯಾರಿಕೆ 2014ರಿಂದಲೇ ಸಿಗುತ್ತಿದ್ದರೂ ಸಣ್ಣ ಹಿಡುವಳಿದಾರರಿಗೆ ಅದು ಭಾರವೇ. ಆ ವರ್ಷ ಅಡಿಕೆಗೆ ಒಳ್ಳೆಯ ಧಾರಣೆ ಇತ್ತು. ಚಿಕಿತ್ಸೆಯ ಯೋಜನೆಯಲ್ಲಿ ಧಾರಣೆಯನ್ನು ಬರೆಯುವ ಪದ್ಧತಿ ಇಲ್ಲ. ಈ ಪ್ರಕರಣದಲ್ಲಿ ಅದನ್ನು ಬಿಟ್ಟರೆ ಲೆಕ್ಕ ಕೂಡುವುದಿಲ್ಲ.

ಆರು ತಿಂಗಳು ಕಣ್ಣು ಶಾಂತವಾಗಿದ್ದ ಮೇಲೆ, 2022ರ ಫೆಬ್ರವರಿಯಲ್ಲಿ ಪೊರೆ ತೆಗೆದರು. ಅಂಟಿದ ಪಾಪೆಯನ್ನು ಬಿಡಿಸಿ, ಕೊಕ್ಕೆಗಳಿಂದ ಅಗಲಿಸಿ. ದೃಷ್ಟಿ 6/36ರಿಂದ 6/12ಕ್ಕೆ ಬಂತು. ಮೇಲರ್ಧದ ಕತ್ತಲು ಹಾಗೆಯೇ ಇದೆ, ಬೆಳೆದಿಲ್ಲ.

ಈಗ ಒತ್ತಡ 14, ದಿನಕ್ಕೆರಡು ಸಲ ಒಂದೇ ಹನಿ. ಬೆಳಗ್ಗೆ ಸೊಂಟ ಹಿಡಿಯುವುದಿಲ್ಲ. ಆದರೂ ಮರ ಹತ್ತುವುದನ್ನು ನಿಲ್ಲಿಸಿದ್ದಾರೆ. ಕಾರ್ಬನ್ ಫೈಬರ್ ದೋಟಿ ಕೊಂಡು ನೆಲದಲ್ಲೇ ನಿಂತು ಮದ್ದು ಬಿಡುತ್ತಾರೆ. ಗುರಿ ಹಿಡಿಯಲು ಎಡಗಣ್ಣು ಮುಚ್ಚಿದರೆ ಗೊನೆ ಮಾಯವಾಗುತ್ತದೆ ಎನ್ನುತ್ತಾರೆ. ಫೋನಿನಲ್ಲಿ ನಾನು ಈಗ ‘ಬಿಡುತ್ತಿದ್ದೀರಾ’ ಎಂದು ಯಾರನ್ನೂ ಕೇಳುವುದಿಲ್ಲ. ನಿನ್ನೆ ಎಷ್ಟು ಸಲ ಹಾಕಿದಿರಿ, ಬಾಟಲಿಯಲ್ಲಿ ಎಷ್ಟು ಉಳಿದಿದೆ ಎಂದು ಕೇಳುತ್ತೇನೆ.

ಒಂದು ಚಿಂತೆ ಉಳಿದಿದೆ. ಕೊಳವೆಯ ತುದಿ ಕಾರ್ನಿಯಾಕ್ಕೆ ಹತ್ತಿರವಿದೆ. ಕಾರ್ನಿಯಾದ ಒಳಪದರದ ಕೋಶಗಳು ಶಸ್ತ್ರಚಿಕಿತ್ಸೆಗೆ ಮೊದಲು ಚದರ ಮಿಲಿಮೀಟರಿಗೆ 2,300ರಷ್ಟು ಇದ್ದವು. ಕೊನೆಯ ಎಣಿಕೆಯಲ್ಲಿ 1,700. ಆ ಕೋಶಗಳು ಮರಳಿ ಹುಟ್ಟುವುದಿಲ್ಲ. ಇಳಿಕೆ ಮುಂದುವರಿದರೆ ಕೊಳವೆಯನ್ನು ಹಿಂದಕ್ಕೆ ಸರಿಸಬೇಕಾದೀತು. ಮುಂದಿನ ಎಣಿಕೆಗೆ ಕೊಯ್ಲು ಮುಗಿದ ಮೇಲೆ ಬರುತ್ತೇನೆ ಎಂದಿದ್ದರು. ಕೊಯ್ಲಿಗೆ ಮೊದಲೇ ಬನ್ನಿ ಎಂದು ದಿನಾಂಕ ಬರೆದು ಮಗಳ ಕೈಯಲ್ಲಿ ಕೊಟ್ಟಿದ್ದೇನೆ.